ಹುಬ್ಬಳ್ಳಿ–ಧಾರವಾಡಕ್ಕೆ ಹಿರಿಯರೊಂದಿಗೆ ಮೂರು ದಿನ: ಉಳಿಯುವುದು ಎಲ್ಲಿ, ಓಡಾಡುವುದು ಹೇಗೆ?

ಮಲ್ಲೇಶ್ವರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ತಂದೆ–ತಾಯಿಯವರನ್ನು ಕರೆದುಕೊಂಡು ಬೆಂಗಳೂರಿನಿಂದ ಹುಬ್ಬಳ್ಳಿ–ಧಾರವಾಡಕ್ಕೆ ಬರಬೇಕೆಂದಿದ್ದೇನೆ. ಬೇಂದ್ರೆಯವರ ಸಾಧನಕೇರಿಯನ್ನೂ ಮಲ್ಲಿಕಾರ್ಜುನ ಮನಸೂರರ ಮನೆಯನ್ನೂ ಕಣ್ಣಾರೆ ನೋಡಬೇಕೆಂಬುದು ತಂದೆಯವರ ಬಹಳ ವರ್ಷಗಳ ಆಸೆ. ತಾಯಿಯವರಿಗೆ ಸಿದ್ಧಾರೂಢರ ಗದ್ದುಗೆಯ ದರ್ಶನವಾಗಬೇಕು. ನನಗೆ ಸಾಧ್ಯವಾದರೆ ಲಕ್ಕುಂಡಿಯನ್ನೂ ನೋಡಿಕೊಂಡು ಮರಳುವ ಮನಸ್ಸಿದೆ.

ತಂದೆಯವರಿಗೆ ಮೊಣಕಾಲು ನೋವಿದೆ. ನಿಧಾನವಾಗಿ ನಡೆಯಬಲ್ಲರು, ಆದರೆ ಎತ್ತರದ ಮೆಟ್ಟಿಲು ಹತ್ತುವುದು ಕಷ್ಟ. ಮೂರೂ ದಿನಕ್ಕೆ ಬಾಡಿಗೆ ಕಾರು ಮಾಡಿಕೊಳ್ಳಿ ಎಂದು ಕೆಲವರು ಹೇಳುತ್ತಿದ್ದಾರೆ. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸೇ ಸಾಕು, ಕಾರು ದಂಡ ಎಂದು ಇನ್ನು ಕೆಲವರು ಹೇಳುತ್ತಾರೆ. ವಸತಿಯನ್ನು ಹುಬ್ಬಳ್ಳಿಯಲ್ಲಿ ಮಾಡಬೇಕೋ ಧಾರವಾಡದಲ್ಲಿ ಮಾಡಬೇಕೋ ಎಂಬುದೂ ತೀರ್ಮಾನವಾಗಿಲ್ಲ. ಅಲ್ಲಿಯೇ ಇರುವವರು ದಯವಿಟ್ಟು ತಿಳಿಸಬೇಕು.

ಉಣಕಲ್ ನಿವಾಸಿ

ಅಕ್ಕನವರಿಗೆ ನಮಸ್ಕಾರ. ತಾವು ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ತೀರ್ಮಾನಗಳೆಲ್ಲ ಸುಲಭವಾಗುತ್ತವೆ. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಸುಮಾರು 20 ಕಿಲೋಮೀಟರ್ ಅಂತರವಿದೆ. 1962ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಎರಡನ್ನೂ ಜೋಡಿಸುವ ಹಳೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಮೇಲೆಯೇ ಊರಿನ ಮುಕ್ಕಾಲು ಪಾಲು ಬದುಕು ಸಾಗುತ್ತದೆ. ಆದ್ದರಿಂದ ಯಾವ ಊರಿನಲ್ಲಿ ಉಳಿಯಬೇಕೆಂಬುದಕ್ಕಿಂತ, ಈ ರಸ್ತೆಗೆ ಎಷ್ಟು ಹತ್ತಿರ ಉಳಿಯುತ್ತೀರಿ ಎಂಬುದು ಮುಖ್ಯ. ರಸ್ತೆಯಿಂದ ಎರಡು ಮೂರು ಕಿಲೋಮೀಟರ್ ಒಳಗಿನ ಬಡಾವಣೆಯಲ್ಲಿ ಅಗ್ಗದ ಕೋಣೆ ಸಿಕ್ಕಿತೆಂದು ಹೋದರೆ, ದಿನಕ್ಕೆ ನಾಲ್ಕು ಬಾರಿ ಆಟೋ ಹುಡುಕುವುದರಲ್ಲಿಯೇ ಹಿರಿಯರು ದಣಿಯುತ್ತಾರೆ.

ಎರಡು ಊರುಗಳ ನಡುವಿನ ಓಡಾಟಕ್ಕೆ ಕಾರು ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿ.ಆರ್.ಟಿ.ಎಸ್. (ತ್ವರಿತ ಬಸ್ ಸಾರಿಗೆ) ಮಾರ್ಗದಲ್ಲಿ ಚಿಗರಿ ಬಸ್ಸುಗಳು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದವು. 2020ರ ಫೆಬ್ರುವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮಾರ್ಗದ ಉದ್ದ 22 ಕಿಲೋಮೀಟರಿಗೆ ತುಸು ಹೆಚ್ಚು. ಹೊಸೂರು ದಾಟಿದ ಮೇಲೆ ಧಾರವಾಡದ ಅಂಚಿನವರೆಗೂ ರಸ್ತೆಯ ನಡುವಿನ ಪಥ ಈ ಬಸ್ಸುಗಳಿಗೇ ಮೀಸಲು. ಅಕ್ಕಪಕ್ಕದಲ್ಲಿ ಕಾರು, ಲಾರಿಗಳು ಸಿಗ್ನಲಿನಲ್ಲಿ ಸಾಲುಗಟ್ಟಿ ನಿಂತಿರುವಾಗ ಚಿಗರಿ ಅವುಗಳ ನಡುವೆ ಹಾದು ಮುಂದಕ್ಕೆ ಹೋಗಿರುತ್ತದೆ. ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಬಸ್ಸುಗಳೂ ಇವೆ, ಕೆಲವೇ ಕಡೆ ನಿಲ್ಲುವ ವೇಗದ ಬಸ್ಸುಗಳೂ ಇವೆ. ಹತ್ತುವ ಮುಂಚೆ ತಮ್ಮ ನಿಲ್ದಾಣದಲ್ಲಿ ನಿಲ್ಲುವುದೇ ಎಂದು ಬಾಗಿಲ ಬಳಿಯ ಸಿಬ್ಬಂದಿಯನ್ನು ಕೇಳಿಕೊಳ್ಳಬೇಕು. ಇಲ್ಲವಾದರೆ ಉಣಕಲ್ಲಿನಲ್ಲಿ ಇಳಿಯಬೇಕಾದವರು ನವನಗರದವರೆಗೆ ಹೋಗಿ ಹಿಂದಿರುಗಬೇಕಾಗುತ್ತದೆ.

ತಾವು ವಿದ್ಯಾನಗರ ಅಥವಾ ಉಣಕಲ್ ಕಡೆಗೆ ವಸತಿ ನೋಡಿಕೊಳ್ಳುವುದು ಒಳ್ಳೆಯದು. ಹುಬ್ಬಳ್ಳಿಯ ರೈಲು ನಿಲ್ದಾಣ ಹತ್ತಿರವಾಗುತ್ತದೆ, ಧಾರವಾಡಕ್ಕೆ ನೇರ ಬಸ್ಸು ಸಿಗುತ್ತದೆ, ಸಂಜೆ ಹೊತ್ತು ಕಳೆಯಲು ಉಣಕಲ್ ಕೆರೆಯ ದಂಡೆ ಇದೆ. ಚೆನ್ನಮ್ಮ ವೃತ್ತದ ಆಸುಪಾಸಿನಲ್ಲಿ ವಸತಿಗೃಹಗಳು ಹೆಚ್ಚಿವೆ ನಿಜ, ಆದರೆ ಅಲ್ಲಿನ ಮೇಲ್ಸೇತುವೆ ಕಾಮಗಾರಿಯಿಂದ ವಾಹನ ಸಂಚಾರ ಆಗಾಗ ಬದಲಾಗುತ್ತದೆ, ಧೂಳೂ ಹೆಚ್ಚು. ಹಿರಿಯರಿದ್ದಾಗ ಆ ಭಾಗ ಬೇಡ ಎಂದೇ ಹೇಳುತ್ತೇನೆ.

ಸಪ್ತಾಪುರದ ಓದುಗ

ಉಣಕಲ್ಲಿನ ಸರ್ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ವಸತಿಯ ವಿಷಯವೊಂದನ್ನು ಬಿಟ್ಟು. ತಂದೆಯವರ ಆಸೆ ಸಾಧನಕೇರಿ ಮತ್ತು ಮನಸೂರರ ಮನೆ ಎಂದಾದ ಮೇಲೆ ಧಾರವಾಡದಲ್ಲಿಯೇ ಉಳಿಯುವುದು ಲೇಸು. ಹುಬ್ಬಳ್ಳಿ ವ್ಯಾಪಾರದ ಊರು, ಬೆಳಗಾಗುತ್ತಲೇ ಗದ್ದಲ. ಧಾರವಾಡದ ರಸ್ತೆಗಳಲ್ಲಿ ಬೆಳಗಿನ ಏಳು ಗಂಟೆಗೆ ಮರದ ನೆರಳಿನಲ್ಲಿ ನಿಧಾನವಾಗಿ ನಡೆಯಬಹುದು; ಮೊಣಕಾಲು ನೋವಿರುವವರಿಗೆ ಇದು ಸಣ್ಣ ಸೌಕರ್ಯವಲ್ಲ. ಜನವರಿಯ ಬೆಳಗು ಇಲ್ಲಿ ಸಾಕಷ್ಟು ತಣ್ಣಗಿರುತ್ತದೆ, ಆದ್ದರಿಂದ ಹಿರಿಯರಿಗೆ ಒಂದೊಂದು ಸ್ವೆಟರ್ ಮತ್ತು ಶಾಲು ಇರಲಿ.

ಬೆಂಗಳೂರಿನಿಂದ ಬರುವ ವಂದೇ ಭಾರತ್ ರೈಲಿನ ಕೊನೆಯ ನಿಲ್ದಾಣ ಧಾರವಾಡವೇ ಆಗಿರುವುದರಿಂದ ಸಾಮಾನು ಸರಂಜಾಮಿನೊಂದಿಗೆ ಹುಬ್ಬಳ್ಳಿಯಲ್ಲಿ ಇಳಿದು ಬಸ್ಸು ಹಿಡಿಯುವ ತಾಪತ್ರಯವೂ ತಪ್ಪುತ್ತದೆ.

ಕೇಶ್ವಾಪುರ, ನಿವೃತ್ತ ರೈಲ್ವೆ ನೌಕರ

ರೈಲಿನ ಮಾತು ಬಂದದ್ದರಿಂದ ಕೆಲವು ಸಂಗತಿಗಳನ್ನು ತಿಳಿಸುತ್ತೇನೆ. ಬೆಂಗಳೂರು–ಧಾರವಾಡ ವಂದೇ ಭಾರತ್ 2023ರ ಜೂನ್ 27ರಂದು ಆರಂಭವಾಯಿತು. ನಸುಕಿನಲ್ಲಿ ಬೆಂಗಳೂರು ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಲ್ಲಿಗೆ ತಲುಪಿಸುತ್ತದೆ. ವಸತಿಗೃಹಗಳು ಕೋಣೆ ಕೊಡುವ ಹೊತ್ತಿಗೂ ಅದು ಸರಿಹೊಂದುತ್ತದೆ. ವಾರದಲ್ಲಿ ಒಂದು ದಿನ ಈ ರೈಲು ಓಡುವುದಿಲ್ಲ, ಆದ್ದರಿಂದ ದಿನಾಂಕ ಗೊತ್ತುಮಾಡುವ ಮುಂಚೆ ವೇಳಾಪಟ್ಟಿ ನೋಡಿ. ದರ ಹೆಚ್ಚೆನಿಸಿದರೆ ಬೆಂಗಳೂರು–ಹುಬ್ಬಳ್ಳಿ ಜನಶತಾಬ್ದಿ ಇದೆ. ಹಗಲಿನ ಪ್ರಯಾಣ, ಕುಳಿತುಕೊಳ್ಳುವ ಆಸನ. ರಾತ್ರಿ ಮಲಗಿ ಬರುವುದಾದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಂದಿನಿಂದಲೂ ಈ ಭಾಗದವರ ನೆಚ್ಚಿನ ರೈಲು. ಆದರೆ ಅದು ಬೆಳ್ಳಂಬೆಳಗ್ಗೆ ಇಳಿಸುವುದರಿಂದ ಅಷ್ಟು ಹೊತ್ತಿಗೆ ಕೋಣೆ ಸಿಗುವುದೇ ಎಂದು ಮೊದಲೇ ಕೇಳಿಕೊಳ್ಳಬೇಕು. ಹಿರಿಯರಿಬ್ಬರಿಗೂ ಕೆಳಗಿನ ಬರ್ತ್ ಸಿಗುವಂತೆ ಬೇಗನೆ ಕಾಯ್ದಿರಿಸಿ.

ಟಿಕೆಟ್ ಹುಡುಕುವಾಗ ಗಲಿಬಿಲಿ ಬೇಡ. ನಿಲ್ದಾಣಕ್ಕೆ ಈಗ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿದೆ, ಹಾಗಾಗಿ ಆ್ಯಪಿನಲ್ಲಿ ‘ಎಸ್.ಎಸ್.ಎಸ್. ಹುಬ್ಬಳ್ಳಿ’ ಎಂದು ತೋರಿಸುತ್ತದೆ. ಸಂಕೇತ ಮಾತ್ರ ಹಳೆಯ ಯು.ಬಿ.ಎಲ್. ಎಂದೇ ಉಳಿದಿದೆ.

ಇನ್ನು ನಮ್ಮ ಎಂಟನೆಯ ಪ್ಲಾಟ್‌ಫಾರ್ಮಿನ ಬಗ್ಗೆ. ಅದರ ಉದ್ದ 1,507 ಮೀಟರ್. ಜಗತ್ತಿನಲ್ಲಿಯೇ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. 2023ರ ಮಾರ್ಚ್ 12ರಂದು ಪ್ರಧಾನಿಯವರು ಅದನ್ನು ಲೋಕಾರ್ಪಣೆ ಮಾಡಿದರು. ನೋಡಲು ಬರುವವರು ಇದ್ದಾರೆ, ನಮಗೂ ಅದರ ಬಗ್ಗೆ ಅಭಿಮಾನವಿದೆ. ಆದರೆ ಮೊಣಕಾಲು ನೋವಿರುವವರ ಕಣ್ಣಿಂದ ನೋಡಿದರೆ ಒಂದೂವರೆ ಕಿಲೋಮೀಟರ್ ಎಂಬುದು ದೊಡ್ಡ ನಡಿಗೆ. ತಮ್ಮ ರೈಲು ಯಾವ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತದೆ, ಬೋಗಿ ಎಲ್ಲಿ ಬರುತ್ತದೆ ಎಂದು ಫಲಕದಲ್ಲಿ ನೋಡಿಕೊಂಡೇ ಹಿರಿಯರನ್ನು ಎಬ್ಬಿಸಿ. ಗದಗ ರಸ್ತೆಯ ಕಡೆಗೂ ಪ್ರವೇಶದ್ವಾರವಿದೆ. ಎಂಟನೆಯ ಪ್ಲಾಟ್‌ಫಾರ್ಮಿಗೆ ಹೋಗುವವರು ಆಟೋವನ್ನು ಆ ಕಡೆಗೇ ತಿರುಗಿಸಿದರೆ ಮೇಲ್ಸೇತುವೆ ದಾಟುವ ಶ್ರಮ ಉಳಿಯುತ್ತದೆ. ನಿಲ್ದಾಣದಲ್ಲಿ ಲಿಫ್ಟ್ ಮತ್ತು ಎಸ್ಕಲೇಟರ್ ಇವೆ.

ವಿಮಾನದ ಬಗ್ಗೆ ತಾವು ಕೇಳಿಲ್ಲ, ಕೇಳದಿದ್ದರೂ ಹೇಳುತ್ತೇನೆ. ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿ, ಊರಿಗೆ ಹತ್ತಿರವೇ ಇದೆ. ಆದರೆ ಮಲ್ಲೇಶ್ವರದಿಂದ ದೇವನಹಳ್ಳಿಗೆ ಹೋಗಿ, ತಪಾಸಣೆ ಮುಗಿಸಿ, ಕಾದು ಹಾರುವಷ್ಟರಲ್ಲಿ ರೈಲು ಅರ್ಧ ದಾರಿ ಸವೆಸಿರುತ್ತದೆ.

ಮಲ್ಲೇಶ್ವರದ ಶಿಕ್ಷಕಿ

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ವಂದೇ ಭಾರತ್ ಎಂದು ನಿರ್ಧರಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಚಿಗರಿಯ ನಿಲ್ದಾಣಗಳು ರಸ್ತೆಯ ನಡುವೆ ಇವೆಯೆಂದು ಕೇಳಿದ್ದೇನೆ. ತಂದೆಯವರನ್ನು ಅಷ್ಟು ವಾಹನಗಳ ನಡುವೆ ದಾಟಿಸುವುದು ಹೇಗೆ? ಇನ್ನೊಂದು, ನನಗೂ ತಾಯಿಯವರಿಗೂ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದರಲ್ಲಿ ದೊರೆಯುತ್ತದೆಯೇ?

ಉಣಕಲ್ ನಿವಾಸಿ

ತಮ್ಮ ಮೊದಲ ಸಂದೇಹ ನ್ಯಾಯವಾದದ್ದು. ಹೊರಗಿನಿಂದ ಬಂದವರಿಗೆ ತೊಡಕಾಗುವುದು ಅಲ್ಲಿಯೇ, ಬಸ್ಸಿನಲ್ಲಿ ಅಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಲ್ದಾಣ ರಸ್ತೆಯ ಮಧ್ಯದಲ್ಲಿದೆ, ಎರಡೂ ಬದಿಗೆ ಸಾಮಾನ್ಯ ವಾಹನಗಳ ಪಥಗಳಿವೆ. ಪಾದಚಾರಿಗಳ ಪಟ್ಟೆ ಇರುವಲ್ಲಿಯೇ, ಸಿಗ್ನಲ್ ಇರುವಲ್ಲಿ ಅದು ಹಸಿರಾದ ಮೇಲೆಯೇ ದಾಟಬೇಕು. ಸಿಗ್ನಲ್ ಇದ್ದರೂ ನುಗ್ಗುವ ದ್ವಿಚಕ್ರ ವಾಹನದವರು ಉಂಟು, ಹಾಗಾಗಿ ವಾಹನ ಬರುವ ಕಡೆಗೆ ತಾವು ನಿಂತು, ತಂದೆಯವರನ್ನು ಒಳಬದಿಗೆ ಇಟ್ಟುಕೊಂಡು ನಡೆಯಿರಿ. ಅವಸರ ಬೇಡ, ಈ ಬಸ್ಸು ಹೋದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ದಾಟಿದ ಮೇಲೆ ನಿಲ್ದಾಣದ ಒಳಕ್ಕೆ ಇಳಿಜಾರಿನ ದಾರಿ ಇದೆ, ಮೆಟ್ಟಿಲ ತೊಂದರೆಯಿಲ್ಲ. ಟಿಕೆಟನ್ನು ಬಸ್ಸಿನಲ್ಲಲ್ಲ, ನಿಲ್ದಾಣದ ಕೌಂಟರಿನಲ್ಲಿಯೇ ಪಡೆಯಬೇಕು. ಕಾಗದದ ಟಿಕೆಟಿನ ಮೇಲೆ ಕ್ಯೂಆರ್ ಕೋಡ್ ಇರುತ್ತದೆ, ಅದನ್ನು ಗೇಟಿಗೆ ಹಿಡಿದರೆ ದಾರಿ ತೆರೆಯುತ್ತದೆ. ಇಳಿದ ನಿಲ್ದಾಣದಲ್ಲಿ ಹೊರಬರಲೂ ಅದೇ ಟಿಕೆಟ್ ಬೇಕು, ಆದ್ದರಿಂದ ಹಿರಿಯರ ಕೈಗೆ ಕೊಡದೆ ಮೂರನ್ನೂ ತಾವೇ ಇಟ್ಟುಕೊಳ್ಳಿ. ಬಸ್ಸು ಬಂದು ನಿಂತಾಗ ಅದರ ನೆಲವೂ ನಿಲ್ದಾಣದ ನೆಲವೂ ಒಂದೇ ಎತ್ತರದಲ್ಲಿರುತ್ತವೆ. ಸಾಮಾನ್ಯ ಬಸ್ಸಿನ ಆ ಮೊದಲ ಎತ್ತರದ ಮೆಟ್ಟಿಲಿಗೆ ಕಾಲೆತ್ತಿಡಲಾರದವರು ಇದರೊಳಗೆ ಸಲೀಸಾಗಿ ಹೆಜ್ಜೆ ಇಡುತ್ತಾರೆ. ನಡುವಿನ ಸಂದಿಯೊಂದನ್ನು ನೋಡಿಕೊಂಡರೆ ಸಾಕು. ಮೊಣಕಾಲು ನೋವಿರುವವರಿಗೆ ಚಿಗರಿಯೇ ಆಗಬಹುದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಬಾಡಿಗೆ ಕಾರಿನ ತಗ್ಗಾದ ಆಸನದಿಂದ ಏಳುವುದು ಅವರಿಗೆ ಇದಕ್ಕಿಂತ ಕಷ್ಟ.

ಬೆಳಗ್ಗೆ ಒಂಬತ್ತರಿಂದ ಹತ್ತೂವರೆ, ಸಂಜೆ ಐದರಿಂದ ಏಳು, ಈ ಹೊತ್ತಿನಲ್ಲಿ ಕಾಲೇಜಿನ ಹುಡುಗರು, ಕಚೇರಿಯವರು ತುಂಬಿರುತ್ತಾರೆ. ಆಗ ಪ್ರಯಾಣ ಮಾಡದಿರುವುದು ಲೇಸು. ಮಾಡಲೇಬೇಕಾದರೆ ಹುಬ್ಬಳ್ಳಿ ರೈಲು ನಿಲ್ದಾಣದ ಎದುರಿನ ಬಿ.ಆರ್.ಟಿ.ಎಸ್. ನಿಲ್ದಾಣದಲ್ಲಿ ಹತ್ತಿ, ಬಸ್ಸು ಅಲ್ಲಿಂದಲೇ ಹೊರಡುವುದರಿಂದ ಆಸನ ಸಿಗುತ್ತದೆ.

ಶಕ್ತಿ ಯೋಜನೆ ಸಾಮಾನ್ಯ, ನಗರ ಮತ್ತು ವೇಗದೂತ ಬಸ್ಸುಗಳಿಗೆ ಅನ್ವಯಿಸುತ್ತದೆ. ಹವಾನಿಯಂತ್ರಿತ ಬಸ್ಸುಗಳು ಅದರ ವ್ಯಾಪ್ತಿಯಲ್ಲಿಲ್ಲ. ಚಿಗರಿ ಹವಾನಿಯಂತ್ರಿತ ಬಸ್ಸು. ಆದರೆ ಗದಗಿಗೋ ಹಾವೇರಿಗೋ ವಾಯವ್ಯ ಸಾರಿಗೆಯ ಕೆಂಪು ಬಸ್ಸಿನಲ್ಲಿ ಹೋಗುವಾಗ ಕರ್ನಾಟಕದ ವಿಳಾಸವಿರುವ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆಯಬಹುದು. ಟಿಕೆಟ್ ಉಚಿತವೆಂದು ಪಡೆಯದೇ ಕೂರಬೇಡಿ, ತಪಾಸಣೆಗೆ ಬಂದವರು ಅದನ್ನೇ ಕೇಳುತ್ತಾರೆ.

ಗದಗಿನವ

ಲಕ್ಕುಂಡಿಯ ವಿಷಯಕ್ಕೆ ನಾನು ಬರೆಯುತ್ತೇನೆ. ಅಕ್ಕನವರೇ, ಆ ಒಂದು ದಿನಕ್ಕೂ ಹುಬ್ಬಳ್ಳಿಯಿಂದ ಕಾರು ಮಾಡಬೇಕಿಲ್ಲ. ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ 58 ಕಿಲೋಮೀಟರ್, ಒಂದು ಗಂಟೆಯ ಆಸುಪಾಸಿನ ಪ್ರಯಾಣ. ಹೊಸಪೇಟೆ, ವಿಜಯಪುರಗಳ ಕಡೆಗೆ ಹೋಗುವ ಹಲವು ರೈಲುಗಳು ಇದೇ ದಾರಿಯಲ್ಲಿ ಸಾಗುತ್ತವೆ. ಜನವರಿಯಲ್ಲಿ ಕಿಟಕಿಯ ಎರಡೂ ಬದಿಗೆ ಕಪ್ಪು ನೆಲದಲ್ಲಿ ಕಡಲೆ, ಕುಸುಬೆ, ಬಿಳಿಜೋಳ ಕಾಣುತ್ತವೆ. ಬೆಂಗಳೂರಿನವರು ಇದನ್ನು ನೋಡಲೆಂದೇ ಹಗಲು ರೈಲಿನಲ್ಲಿ ಬರಬೇಕು. ನಡುವೆ ಅಣ್ಣಿಗೇರಿ ಸಿಗುತ್ತದೆ. ಆದಿಕವಿ ಪಂಪನ ಊರೆಂದು ಹೆಸರಾದ ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ ಇದೆ. ಸಾಹಿತ್ಯದ ಒಲವಿರುವ ತಮ್ಮ ತಂದೆಯವರಿಗೆ ಅದು ಮೆಚ್ಚುಗೆಯಾದೀತು. ಆದರೆ ಒಂದೇ ದಿನದಲ್ಲಿ ಅಣ್ಣಿಗೇರಿ, ಗದಗ, ಲಕ್ಕುಂಡಿ ಮೂರನ್ನೂ ಮುಗಿಸಲು ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ; ಅಣ್ಣಿಗೇರಿಯನ್ನು ಇನ್ನೊಂದು ಬಾರಿಗೆ ಇಟ್ಟುಕೊಳ್ಳಿ.

ಗದಗಿನಿಂದ ಲಕ್ಕುಂಡಿ 12 ಕಿಲೋಮೀಟರ್, ಕೊಪ್ಪಳದ ದಾರಿಯಲ್ಲಿದೆ. ಬಸ್ಸುಗಳಿವೆ, ಆದರೆ ಕೆಲವು ವೇಗದೂತ ಬಸ್ಸುಗಳು ಊರೊಳಕ್ಕೆ ಬರುವುದಿಲ್ಲ. ಲಕ್ಕುಂಡಿಯಲ್ಲಿ ನಿಲ್ಲಿಸುತ್ತೀರಾ ಎಂದು ಕಂಡಕ್ಟರರನ್ನು ಕೇಳಿ ಹತ್ತಿ. ಹಿರಿಯರಿರುವುದರಿಂದ ಗದಗ ನಿಲ್ದಾಣದಿಂದಲೇ ಒಂದು ಆಟೋವನ್ನು ಹೋಗಿಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಮಾತಾಡಿಕೊಳ್ಳುವುದು ಉತ್ತಮ. ಲಕ್ಕುಂಡಿಯಲ್ಲಿ ಗುಡಿಗಳು ಒಂದೇ ಆವರಣದಲ್ಲಿಲ್ಲ, ಮನೆಗಳ ನಡುವೆ ಚದುರಿವೆ. ಆಟೋ ಜೊತೆಗಿದ್ದರೆ ಒಂದರಿಂದ ಇನ್ನೊಂದಕ್ಕೆ ಬಿಸಿಲಲ್ಲಿ ನಡೆಯುವ ಕಷ್ಟ ತಪ್ಪುತ್ತದೆ. ಬಾಡಿಗೆಯನ್ನು ಹೊರಡುವ ಮುಂಚೆಯೇ, ಎಷ್ಟು ಗಂಟೆ ಕಾಯಬೇಕೆಂಬುದನ್ನೂ ಸೇರಿಸಿ, ಸ್ಪಷ್ಟವಾಗಿ ಮಾತಾಡಿ.

ನೂರೊಂದು ಗುಡಿ, ನೂರೊಂದು ಬಾವಿ ಎಂದು ನಮ್ಮ ಕಡೆ ಲಕ್ಕುಂಡಿಯನ್ನು ಹೊಗಳುತ್ತಾರೆ. ಎಲ್ಲವನ್ನೂ ನೋಡುವ ಹಂಬಲ ಬೇಡ, ಮೂರನ್ನು ಮನಸಾರೆ ನೋಡಿ. ಮೊದಲನೆಯದು ಬ್ರಹ್ಮಜಿನಾಲಯ; ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ. ಒಳಗೆ ನಾಲ್ಕು ಮುಖದ ಬ್ರಹ್ಮನ ನಿಂತ ವಿಗ್ರಹವಿದೆ. ಎರಡನೆಯದು ಕಾಶಿವಿಶ್ವೇಶ್ವರ. ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿ ಇರುವುದು ಇದರ ವಿಶೇಷ. ಅದರ ಬಾಗಿಲುವಾಡದ ಮುಂದೆ ಒಂದಿಷ್ಟು ಹೊತ್ತು ನಿಲ್ಲಿ: ಒಂದರೊಳಗೊಂದು ಎಂಬಂತೆ ಪಟ್ಟಿ ಪಟ್ಟಿಯಾಗಿ ಮೇಲೇರುವ ಬಳ್ಳಿ, ಅದರ ಸುರುಳಿಯೊಳಗೆ ಬೆರಳ ಗಾತ್ರದ ಆಕೃತಿಗಳು, ಕಲ್ಲಿನ ಹಿಂದಕ್ಕೂ ಉಳಿಯನ್ನು ತೂರಿಸಿ ಬಿಡಿಸಿದ ಎಲೆಗಳು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಹೋದರೆ ಈ ಕೆತ್ತನೆಯ ಆಳ ಕಣ್ಣಿಗೆ ಸಿಗುತ್ತದೆ. ನಡು ಮಧ್ಯಾಹ್ನದಲ್ಲಿ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಮೂರನೆಯದು ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ. ಮೆಟ್ಟಿಲುಗಳು ಕಡಿದಾಗಿವೆ, ತಂದೆಯವರು ಮೇಲಿನಿಂದಲೇ ನೋಡಲಿ.

ಮರಳಿ ಗದಗಿಗೆ ಬಂದಾಗ ತ್ರಿಕೂಟೇಶ್ವರ ಮತ್ತು ವೀರನಾರಾಯಣ ಗುಡಿಗಳು ಊರೊಳಗೇ ಇವೆ. ಕುಮಾರವ್ಯಾಸನು ವೀರನಾರಾಯಣನ ಸನ್ನಿಧಿಯಲ್ಲಿ ಕಾವ್ಯ ಬರೆದನೆಂಬುದು ಇಲ್ಲಿನವರ ನಂಬಿಕೆ. ಸಂಗೀತಪ್ರಿಯರಾದ ತಂದೆಯವರನ್ನು ವೀರೇಶ್ವರ ಪುಣ್ಯಾಶ್ರಮಕ್ಕೆ ತಪ್ಪದೆ ಕರೆದೊಯ್ಯಿರಿ. ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ದೃಷ್ಟಿಹೀನ ಮಕ್ಕಳಿಗೆ ಸಂಗೀತ ಕಲಿಸಿ ಬೆಳೆಸಿದ ತಾಣವದು. ಮಕ್ಕಳು ರಿಯಾಜ್ ಮಾಡುವ ಧ್ವನಿ ಕಿವಿಗೆ ಬಿದ್ದರೆ ಅಂದಿನ ಪ್ರಯಾಣ ಸಾರ್ಥಕ.

ಶಿಗ್ಗಾವಿಯಿಂದ

ನಮ್ಮ ಹಾವೇರಿ ಜಿಲ್ಲೆಯನ್ನು ಯಾರೂ ಹೆಸರಿಸಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಶಿಶುನಾಳದಲ್ಲಿ ಷರೀಫರ ಗದ್ದುಗೆ ಇದೆ, ಬಂಕಾಪುರದ ಕೋಟೆಯೊಳಗೆ ನವಿಲುಧಾಮವೂ ಸಾಲುಕಂಬಗಳ ನಗರೇಶ್ವರ ಗುಡಿಯೂ ಇವೆ, ಗೊಟಗೋಡಿಯ ಹೆದ್ದಾರಿ ಪಕ್ಕದಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಆದರೆ ಇವುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಳ್ಳುವುದು ಹಿರಿಯರಿಗೆ ಆಗದ ಮಾತು. ಕಾರು ಬೇಕಾಗುವುದಿದ್ದರೆ ಈ ಕಡೆಗೆ. ಮೂರು ದಿನಕ್ಕೆ ಬೇಡ, ನಾಲ್ಕನೆಯ ದಿನ ಸಿಕ್ಕರೆ ಅಂದು ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ಕಾರು ಮಾಡಿಕೊಂಡು ಬನ್ನಿ. ತಂದೆಯವರಿಗೆ ಹಿಂದುಸ್ತಾನಿ ಸಂಗೀತ ಇಷ್ಟವಾದ್ದರಿಂದ ದಾರಿಯಲ್ಲಿ ಕುಂದಗೋಳವನ್ನೂ ಸೇರಿಸಿಕೊಳ್ಳಬಹುದು. ಸವಾಯಿ ಗಂಧರ್ವರ ಊರು ಅದು.

ಸಪ್ತಾಪುರದ ಓದುಗ

ಧಾರವಾಡದ ದಿನವನ್ನು ಹೇಗೆ ಕಳೆಯಬಹುದೆಂದು ಬರೆಯುತ್ತೇನೆ. ಚಿಗರಿ ಇರುವುದು ಮುಖ್ಯರಸ್ತೆಯ ಉದ್ದಕ್ಕೆ ಮಾತ್ರ. ಸಾಧನಕೇರಿ, ವಿಶ್ವವಿದ್ಯಾಲಯ, ಕೆಲಗೇರಿಗಳಿಗೆ ಜುಬಿಲಿ ವೃತ್ತದಲ್ಲಿ ಇಳಿದು ಆಟೋ ಹಿಡಿಯಬೇಕು. ಆಟೋದವರು ಮೀಟರ್ ಹಾಕುವುದು ಕಡಿಮೆ. ದರವನ್ನು ಮೊದಲೇ ಕೇಳಿ, ಹೆಚ್ಚೆನಿಸಿದರೆ ‘ಬ್ಯಾಡ್ರಿ’ ಎಂದು ಮೆಲ್ಲಗೆ ಮುಂದಕ್ಕೆ ನಡೆದರೆ ಅವರೇ ಕರೆದು ಇಳಿಸುತ್ತಾರೆ. ಆ್ಯಪಿನ ಆಟೋಗಳೂ ಸಿಗುತ್ತವೆ.

ಸಾಧನಕೇರಿಗೆ ಬೆಳಗ್ಗೆಯೇ ಹೋಗಿ. ಬೇಂದ್ರೆ ಭವನದಲ್ಲಿ ಕವಿಯ ಬದುಕಿಗೆ ಸಂಬಂಧಿಸಿದ ಚಿತ್ರಗಳನ್ನೂ ಬರಹಗಳನ್ನೂ ನೋಡಿ, ಎದುರಿನ ಕೆರೆಯ ದಂಡೆಯಲ್ಲಿ ತಂದೆಯವರು ಒಂದಿಷ್ಟು ಕುಳಿತಿರಲಿ, ಅವಸರಪಡಿಸಬೇಡಿ. 1973ರ ಜ್ಞಾನಪೀಠ ಪುರಸ್ಕಾರಕ್ಕೆ ಪಾತ್ರರಾದ ಕವಿ ಬದುಕಿದ್ದ ಓಣಿ ಇದು. ಹೀಗೆ ಬಂದು ಕೂರುವವರನ್ನು ಕಂಡರೆ ಇಲ್ಲಿನವರಿಗೆ ಸಂತೋಷ. ಮನಸೂರರ ಮನೆ ಸ್ಮಾರಕವಾಗಿ ಉಳಿದಿದೆ. ಸ್ಮಾರಕಗಳಿಗೆ ರಜೆಯ ದಿನಗಳಿರುವುದರಿಂದ, ವಿಶೇಷವಾಗಿ ಸೋಮವಾರ ಮತ್ತು ಸರಕಾರಿ ರಜೆಗಳಂದು ಬರುವುದಾದರೆ, ಮುನ್ನಾದಿನ ದೂರವಾಣಿಯಲ್ಲಿ ಕೇಳಿಕೊಂಡೇ ಹೊರಡಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದೊಳಗೆ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ. ಶಾಸನ, ಶಿಲ್ಪಗಳಲ್ಲಿ ಆಸಕ್ತಿಯಿದ್ದು ಮರುದಿನ ಲಕ್ಕುಂಡಿಗೆ ಹೋಗುವವರು ಇಲ್ಲಿ ಒಂದು ಗಂಟೆ ಕಳೆದರೆ ಅಲ್ಲಿ ನೋಡುವ ಕಣ್ಣೇ ಬೇರೆಯಾಗುತ್ತದೆ. ಊರ ನಡುವೆ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ, 1890ರಲ್ಲಿ ರಾ. ಹ. ದೇಶಪಾಂಡೆಯವರು ಸ್ಥಾಪಿಸಿದ್ದು. ಸಂಜೆ ಅಲ್ಲಿ ಒಂದಲ್ಲ ಒಂದು ಉಪನ್ಯಾಸವೋ ಪುಸ್ತಕ ಬಿಡುಗಡೆಯೋ ನಡೆಯುತ್ತಿರುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು. ಏಕೀಕರಣದ ಕನಸನ್ನು ಪೋಷಿಸಿದ ಸಭಾಂಗಣದಲ್ಲಿ ಒಂದು ಸಂಜೆ ಕಳೆಯುವುದು ತಂದೆಯವರಿಗೆ ಹಿಡಿಸುತ್ತದೆ ಎಂದು ನನ್ನ ನಂಬಿಕೆ.

ಪೇಢೆಗೆ ಲೈನ್ ಬಜಾರ್. ಉತ್ತರ ಪ್ರದೇಶದ ಉನ್ನಾವ್‌ನಿಂದ ವಲಸೆ ಬಂದ ಠಾಕೂರ್ ಮನೆತನದವರು ಇಲ್ಲಿ ಆರಂಭಿಸಿದ ಈ ಸಿಹಿಗೆ ಈಗ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಹಳೆಯ ಅಂಗಡಿಯ ಮುಂದೆ ಸರದಿ ಇರುತ್ತದೆ, ಮಾಡಿದ ಪೇಢೆ ಮುಗಿದರೆ ಅಂದಿಗೆ ಮುಗಿಯಿತು. ಹೊರಡುವ ದಿನ ಅವಸರದಲ್ಲಿ ಕೊಳ್ಳುವ ಬದಲು ಹಿಂದಿನ ದಿನವೇ ಕೊಂಡಿಟ್ಟುಕೊಳ್ಳಿ.

ಊಟಕ್ಕೆ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಿರಿಯರಿಗೆ ಕಟಕ ರೊಟ್ಟಿ ಅಗಿಯಲು ಕಷ್ಟವಾದರೆ ‘ಮೆತ್ತನ್ನ ರೊಟ್ಟಿ ಕೊಡ್ರಿ, ಖಾರ ಕಡಿಮಿ ಇರ್ಲಿ’ ಎಂದು ಮೊದಲೇ ಹೇಳಿ. ಬಡಿಸುವ ತಾಯಂದಿರು ಅದಕ್ಕೆ ತಕ್ಕಂತೆ ನೋಡಿಕೊಳ್ಳುತ್ತಾರೆ.

ಕೇಶ್ವಾಪುರ, ನಿವೃತ್ತ ರೈಲ್ವೆ ನೌಕರ

ಜನವರಿ ಎಂದಿರುವುದು ಒಳ್ಳೆಯದಾಯಿತು. ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಮಹಾಶಿವರಾತ್ರಿಯ ಮರುದಿನ ಸಿದ್ಧಾರೂಢ ಮಠದ ತೇರು, ಲಕ್ಷಾಂತರ ಭಕ್ತರು ಸೇರುತ್ತಾರೆ, ಜಾತ್ರೆಗೆಂದೇ ಬರುವವರ ಹೊರತು ಉಳಿದವರು ಆ ವಾರ ಬೇಡ. ಹೋಳಿ ಹುಣ್ಣಿಮೆಯಾದ ಐದನೆಯ ದಿನ ಹುಬ್ಬಳ್ಳಿಯಲ್ಲಿ ರಂಗಪಂಚಮಿ, ಅಂದು ಮಾರುಕಟ್ಟೆ ಮುಚ್ಚಿರುತ್ತದೆ, ಬಣ್ಣ ತಾಗದೆ ಬೀದಿಯ ಮೇಲೆ ನಡೆಯಲಾಗದು. ಸೆಪ್ಟೆಂಬರ್‌ನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳದ ದಿನಗಳಲ್ಲಿ ಧಾರವಾಡದ ವಸತಿಗೃಹಗಳಲ್ಲಿ ಕೋಣೆ ಸಿಗುವುದು ದುರ್ಲಭ.

ಸಿದ್ಧಾರೂಢ ಮಠ ಹಳೇ ಹುಬ್ಬಳ್ಳಿಯ ಕಡೆಗೆ ಇದೆ, ಚಿಗರಿ ಮಾರ್ಗದಲ್ಲಿಲ್ಲ. ರೈಲು ನಿಲ್ದಾಣದಿಂದ ಆಟೋದಲ್ಲಿಯೇ ಹೋಗಿ. ಬೆಳಗಿನ ದರ್ಶನವಾದ ಮೇಲೆ ದಾಸೋಹದಲ್ಲಿ ಪ್ರಸಾದ ಸ್ವೀಕರಿಸಬಹುದು. ಮರಳುವಾಗ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೂ ಹೋಗಿಬನ್ನಿ. ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯೊಂದಿಗೆ ರಾಷ್ಟ್ರಧ್ವಜವನ್ನು ಖಾದಿಯಲ್ಲಿ ತಯಾರಿಸುವ ಸಂಸ್ಥೆ ಅದು. ಕೆಲಸ ಮಾಡುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಪಾಲಿಯೆಸ್ಟರ್ ಧ್ವಜಗಳಿಗೆ ಅನುಮತಿ ದೊರೆತ ಮೇಲೆ ಅವರ ಕೆಲಸಕ್ಕೆ ಪೆಟ್ಟು ಬಿದ್ದಿದೆ. ಶಾಲೆಗೆಂದು ಒಂದು ಖಾದಿ ಧ್ವಜ ಕೊಂಡೊಯ್ದರೆ ಶಿಕ್ಷಕಿಯವರಾದ ತಮಗೆ ಮಕ್ಕಳಿಗೆ ಹೇಳಲು ಒಂದು ಪಾಠವೂ ಆಗುತ್ತದೆ.

ಮಲ್ಲೇಶ್ವರದ ಶಿಕ್ಷಕಿ

ಎಲ್ಲರ ಸಲಹೆಗಳನ್ನು ತಂದೆಯವರಿಗೆ ಓದಿ ಹೇಳಿದೆ. ಧಾರವಾಡದಲ್ಲಿ ಉಳಿಯುವುದೆಂದು ಅವರೇ ತೀರ್ಮಾನಿಸಿದರು. ಮೊದಲ ಮಧ್ಯಾಹ್ನ ವಿಶ್ರಾಂತಿ ಮತ್ತು ವಿದ್ಯಾವರ್ಧಕ ಸಂಘ; ಎರಡನೆಯ ದಿನ ಬೆಳಗ್ಗೆ ಸಾಧನಕೇರಿ, ಸಂಜೆ ಉಣಕಲ್; ಮೂರನೆಯ ದಿನ ಗದಗ–ಲಕ್ಕುಂಡಿ. ನಾಲ್ಕನೆಯ ದಿನ ಬೆಳಗ್ಗೆ ಸಿದ್ಧಾರೂಢ ಮಠ ಮುಗಿಸಿ ಮಧ್ಯಾಹ್ನದ ರೈಲು ಹಿಡಿಯಬೇಕೆಂದಿದ್ದೇವೆ. ಧಾರವಾಡದಿಂದ ಗದಗಿಗೆ ಹೋಗುವ ದಿನ ಹುಬ್ಬಳ್ಳಿಯವರೆಗೆ ಚಿಗರಿಯೋ ರೈಲೋ? ಕೊನೆಯ ದಿನ ಸಾಮಾನುಗಳನ್ನು ಏನು ಮಾಡುವುದು?

ಉಣಕಲ್ ನಿವಾಸಿ

ಬಹಳ ಸಂತೋಷ. ಉಣಕಲ್ಲಿನ ಸಂಜೆ ಕೆರೆಗೆ ಮಾತ್ರ ಸೀಮಿತವಾಗದಿರಲಿ. ಬಿ.ಆರ್.ಟಿ.ಎಸ್. ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಹಳೆಯ ಊರಿನ ಓಣಿಗಳ ನಡುವೆ ಚಂದ್ರಮೌಳೇಶ್ವರ ಗುಡಿ ಇದೆ. ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಹುಬ್ಬಳ್ಳಿಯವರೇ ಎಷ್ಟೋ ಜನ ಇದನ್ನು ನೋಡಿಲ್ಲ. ಕತ್ತಲಾಗುವ ಮುಂಚೆ ಮೊದಲು ಗುಡಿ, ಆಮೇಲೆ ಕೆರೆ ಎಂದು ಇಟ್ಟುಕೊಳ್ಳಿ.

ಗದಗಿನ ದಿನ ಧಾರವಾಡದಿಂದಲೇ ನೇರವಾಗಿ ಗದಗಿಗೆ ಹೋಗುವ ರೈಲು ತಮ್ಮ ಹೊತ್ತಿಗೆ ಇದೆಯೇ ಎಂದು ಮೊದಲು ನೋಡಿ; ಇದ್ದರೆ ಅದೇ ಸರಿ. ಇಲ್ಲವಾದರೆ ಚಿಗರಿಯಲ್ಲಿ ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ ಬನ್ನಿ. ಧಾರವಾಡದಿಂದ ಮುಕ್ಕಾಲು ಗಂಟೆ, ಒಂದು ಗಂಟೆ ಎಂದು ಲೆಕ್ಕ ಹಾಕಿ, ಹೊಸೂರು ದಾಟಿದ ಮೇಲಿನ ದಟ್ಟಣೆಗೆ ಇನ್ನೊಂದು ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ.

ಕೊನೆಯ ದಿನ ಬೆಳಗ್ಗೆಯೇ ಕೋಣೆ ಬಿಟ್ಟು, ಸಾಮಾನನ್ನು ಹುಬ್ಬಳ್ಳಿ ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು ಮಠಕ್ಕೆ ಹೋಗಿ. ಬ್ಯಾಗುಗಳಿಗೆ ಬೀಗ ಇರಬೇಕು, ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ಬೆಂಗಳೂರಿನ ಟಿಕೆಟನ್ನು ಧಾರವಾಡದಿಂದಲ್ಲ, ಹುಬ್ಬಳ್ಳಿಯಿಂದ ಹತ್ತುವಂತೆಯೇ ಮಾಡಿಸಿ. ಧಾರವಾಡದಿಂದ ಮಾಡಿಸಿ ಹುಬ್ಬಳ್ಳಿಯಲ್ಲಿ ಹತ್ತಬೇಕೆಂದರೆ ಹತ್ತುವ ನಿಲ್ದಾಣವನ್ನು ಮೊದಲೇ ಬದಲಿಸಿಕೊಂಡಿರಬೇಕು, ಇಲ್ಲವಾದರೆ ಆಸನ ಬೇರೆಯವರ ಪಾಲಾಗಬಹುದು. ವಂದೇ ಭಾರತ್ ಹುಬ್ಬಳ್ಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ರೈಲು ಬರುವ ಇಪ್ಪತ್ತು ನಿಮಿಷ ಮುಂಚೆಯೇ ತಮ್ಮ ಬೋಗಿ ನಿಲ್ಲುವ ಜಾಗದಲ್ಲಿ ತಂದೆಯವರನ್ನು ಕೂರಿಸಿ. ಸಾಮಾನು ಹೆಚ್ಚಿದ್ದರೆ ಕೆಂಪಂಗಿಯ ಹಮಾಲರನ್ನು ಕರೆಯಿರಿ.